ಎರಡನೆಯ ಅರ್ಜಿ

ಇದನ್ನು ಹೇಳುವುದಕ್ಕೆ ನನಗೆ ಯಾವ ಹಕ್ಕೂ ಇಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬೋಝೆನಾ ಇದನ್ನು ಹೇಳಬೇಕೆಂದು ಕುಳಿತು ಹೇಳಿದವಳಲ್ಲ. ಒದ್ದೆ ಬಟ್ಟೆ ಹಿಂಡಿದಾಗ ನೀರು ಇಳಿಯುವ ಹಾಗೆ, ಬೇರೆ ಏನೋ ಮಾತಾಡುತ್ತಿದ್ದಾಗ ಹನಿ ಹನಿಯಾಗಿ ಬಂದದ್ದು. ಅವಳ ಹಾಗೆ ಪೋಲೆಂಡಿನಿಂದ ಬಂದು ಓಸ್ಲೋದ ನೆಲ ಒರೆಸಿ ವಯಸ್ಸು ಕಳೆದವರು ಸಾವಿರಾರು ಜನ ಇದ್ದಾರೆ, ಅವರಲ್ಲಿ ಯಾರಾದರೂ ಇದನ್ನು ನನಗಿಂತ ಚೆನ್ನಾಗಿ ಹೇಳಿಯಾರು. ಅವರು ಹೇಳಲಿಲ್ಲವಾದ್ದರಿಂದ ನಾನು ಹೇಳುತ್ತಿದ್ದೇನೆ. ತಪ್ಪಿದ್ದರೆ ಅದು ನನ್ನದು.

ಆ ಶುಕ್ರವಾರ, ನವೆಂಬರಿನ ನಡುಭಾಗ, ಬೆಳಿಗ್ಗೆ ಹತ್ತೂ ಮುಕ್ಕಾಲರ ಹೊತ್ತಿಗೆ ಬೋಝೆನಾ ಹಳೆಯ ಕಟ್ಟಡವೊಂದರ ಮೆಟ್ಟಿಲು ಒರೆಸುತ್ತ ಮೂರನೆಯ ಮಹಡಿಯಿಂದ ಎರಡನೆಯದಕ್ಕೆ ಇಳಿಯುತ್ತಿದ್ದಳು. ಜೇಬಿನಲ್ಲಿ ಫೋನು ಎರಡು ಸಲ ನಡುಗಿತು. ಕೈಗವಸು ತೆಗೆದು ನೋಡಿದಳು. ವಸತಿ ಸಹಕಾರ ಸಂಘದ ಸಂದೇಶ: ಊರಂಚಿನ ತ್ವೇತಾದ ಎಂಟನೆಯ ಮಹಡಿಯ ಮನೆ, ಸದಸ್ಯತ್ವದ ಹಿರಿತನದ ಆಧಾರದ ಮೇಲೆ, ನಿಮ್ಮದಾಗಿದೆ, ಅಭಿನಂದನೆಗಳು. ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ತಾನು ಒರೆಸಿದ ಮೆಟ್ಟಿಲ ಮೇಲೆ ಈ ಇಪ್ಪತ್ತೊಂದು ವರ್ಷದಲ್ಲಿ ಒಮ್ಮೆಯೂ ಕುಳಿತವಳಲ್ಲ. ತೇವ ಬಟ್ಟೆಯೊಳಗೆ ಇಳಿಯಿತು. ಸಂತೋಷ ಬರುತ್ತದೆಂದು ಕಾದಳು. ಬಂದದ್ದು ಬೇರೆಯೇ: ಚರ್ಚಿನ ಹೊರಗಿನ ಗೂಟದಿಂದ ಗೊತ್ತಿಲ್ಲದೆ ಬೇರೆಯವರ ಕೋಟು ತೊಟ್ಟು ಹೊರಟು, ಬೀದಿಗೆ ಬಂದ ಮೇಲೆ ಜೇಬಿನಲ್ಲಿ ಬೇರೆಯವರ ಬೀಗದ ಕೈ ಸಿಕ್ಕಿದ ಹಾಗೆ. ಮೇಲಿನಿಂದ ನಾಯಿಯ ಜೊತೆ ಇಳಿದು ಬಂದ ಮುದುಕ ಅವಳ ಪಕ್ಕದಲ್ಲಿ ನಿಂತು, "ಹುಷಾರಿಲ್ವಾ?" ಎಂದ. ಅವಳು ತಟ್ಟನೆ ಎದ್ದು "ಕ್ಷಮಿಸಿ" ಎಂದಳು. ಈ ದೇಶದ ಭಾಷೆಯಲ್ಲಿ ಅವಳು ಮೊದಲು ಕಲಿತ ಮಾತು ಅದು. ಈಗಲೂ ಅವಳ ಬಾಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬರುವುದು ಅದೇ.

ಯಾರೋ ಆ ಮನೆಯನ್ನು ಸೋಮವಾರ ಗೆದ್ದಿದ್ದರು. ಇಲ್ಲಿ ಹಾಗೆಯೇ. ಭಾನುವಾರ ಮನೆ ತೋರಿಸುತ್ತಾರೆ, ಸೋಮವಾರ ಹರಾಜು. ಅರ್ಧ ಅರ್ಧ ಗಂಟೆಯ ಗಡುವು. ಕೆಲಸದ ಜಾಗದಲ್ಲಿ, ಬಸ್ಸಿನಲ್ಲಿ, ಕಕ್ಕಸಿನಲ್ಲಿ ಫೋನು ಹಿಡಿದು ಜನ ಬೆಲೆ ಏರಿಸುತ್ತಾರೆ, ಕೊನೆಗೆ ಒಬ್ಬರು ಉಳಿಯುತ್ತಾರೆ. ಆದರೆ ಸಹಕಾರ ಸಂಘದ ಮನೆಯಾದರೆ ಅಲ್ಲಿಗೆ ಮುಗಿಯುವುದಿಲ್ಲ. ಗುರುವಾರ ಮಧ್ಯಾಹ್ನದ ತನಕ ಯಾವ ಹಳೆಯ ಸದಸ್ಯನಾದರೂ ಎದ್ದು ಅದೇ ಬೆಲೆಗೆ ನನಗಿರಲಿ ಎನ್ನಬಹುದು. ಯಾರ ಸದಸ್ಯತ್ವ ಹಳೆಯದೋ ಅವರಿಗೆ ಮನೆ. ಹರಾಜಿನಲ್ಲಿ ಬೆವರಿದವನು ಪಕ್ಕಕ್ಕೆ ಸರಿಯಬೇಕು. ಇದನ್ನು ಇಲ್ಲಿ ಯಾರೂ ಅನ್ಯಾಯ ಎನ್ನುವುದಿಲ್ಲ. ಸರದಿಯಲ್ಲಿ ನಿಂತವರಿಗೆ ಸರದಿ. ಬೋಝೆನಾ ಹರಾಜಿಗೆ ಹೋಗಿರಲೇ ಇಲ್ಲ. ಗುರುವಾರ ಹನ್ನೊಂದೂವರೆಗೆ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಸಾಮಾನು ಕೋಣೆಯಲ್ಲಿ ನಿಂತು, ನನಗಿರಲಿ ಎಂದು ಫೋನಿನಲ್ಲಿ ಒಂದು ಗುಂಡಿ ಒತ್ತಿದ್ದಳು. ಅಷ್ಟೇ. ಅವಳ ಪರವಾಗಿ ಹರಾಜು ಕೂಗಿದ್ದು ಅವಳ ವರ್ಷಗಳು.

ಆ ವರ್ಷಗಳನ್ನು ಅವಳಿಗೆ ಕೊಟ್ಟವಳು ತೂರ್‌ಹಿಲ್ಡ್, ನಿವೃತ್ತ ಶಾಲಾ ಶಿಕ್ಷಕಿ. ಬೋಝೆನಾ ಇಲ್ಲಿಗೆ ಬಂದ ಎರಡನೆಯ ಚಳಿಗಾಲದಲ್ಲಿ ಪ್ರತಿ ಗುರುವಾರ ಅವಳ ಮನೆ ಒರೆಸುತ್ತಿದ್ದಳು. ಎಪ್ಪತ್ತು ದಾಟಿದವಳನ್ನು ಬರೀ ಹೆಸರು ಹಿಡಿದು ಕರೆಯುವುದು ಬೋಝೆನಾಳ ನಾಲಿಗೆಗೆ ಬರಲೇ ಇಲ್ಲ. ಊರಿನಲ್ಲಿ ಹಾಗೆ ಕರೆದಿದ್ದರೆ ಅಮ್ಮ ಕಪಾಳಕ್ಕೆ ಬಿಗಿಯುತ್ತಿದ್ದಳು. ಹೆಸರು ಕರೆಯುವ ಬದಲು ಸಣ್ಣಗೆ ಕೆಮ್ಮಿ ಮಾತು ಶುರುಮಾಡುತ್ತಿದ್ದಳು. ಒಂದು ಗುರುವಾರ ತೂರ್‌ಹಿಲ್ಡ್ ಅವಳ ಕೈಯಿಂದ ಬಟ್ಟೆ ಕಿತ್ತು ಕುರ್ಚಿಯಲ್ಲಿ ಕೂರಿಸಿ, ಎರಡು ಅರ್ಜಿಗಳನ್ನು ಮೇಜಿನ ಮೇಲಿಟ್ಟಳು. "ಇಲ್ಲಿ ಮನೆ ಬರೀ ದುಡ್ಡಿಗೆ ಸಿಗಲ್ಲ, ವರ್ಷಕ್ಕೆ ಸಿಗುತ್ತೆ. ಇವತ್ತು ಸದಸ್ಯಳಾಗು, ಆಮೇಲೆ ಮರೆತುಬಿಡು. ನೀನು ನಿದ್ದೆ ಮಾಡ್ತಿರುವಾಗ್ಲೂ ವರ್ಷ ಸೇರ್ತಾ ಹೋಗುತ್ತೆ." ಎರಡನೆಯದನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ, "ಇದು ನಿನ್ನ ಗೆಳತಿಗೆ. ನಿನಗೆ ಜ್ವರ ಬಂದಾಗ ನಿನ್ನ ಬದಲು ಬಂದಿದ್ಲಲ್ಲ, ಜೋರಾಗಿ ನಗ್ತಾಳಲ್ಲ, ಅವಳಿಗೆ," ಎಂದಳು.

ಜೋರಾಗಿ ನಗುವವಳು ಲುತ್ಸಿನಾ. ಇಬ್ಬರೂ ಒಂದೇ ಬಸ್ಸಿನಲ್ಲಿ ಪೋಲೆಂಡಿನ ರ್ಜೆಶುವ್‌ನಿಂದ ಹೊರಟು, ಹಡಗಿನಲ್ಲಿ ಒಟ್ಟಿಗೆ ವಾಂತಿ ಮಾಡಿಕೊಂಡು ಬಂದವರು. ಆಗ ಒಂದೇ ಕೋಣೆ, ಒಂದೇ ಹಾಸಿಗೆ. ಆದರೆ ಆ ಅರ್ಜಿ ಬಂದ ವಾರ ಇಬ್ಬರಿಗೂ ಮಾತಿರಲಿಲ್ಲ. ಸಮುದ್ರ ಕಾಣುವ ದೊಡ್ಡ ಮನೆಯೊಂದರಲ್ಲಿ ಮಂಗಳವಾರದ ಕೆಲಸ ಖಾಲಿಯಿದೆ ಎಂದು ತಿಳಿದು ಬೋಝೆನಾ ಕೇಳಲು ಹೋಗಿದ್ದಳು. ಧೈರ್ಯಕ್ಕೆಂದು ಲುತ್ಸಿನಾಳನ್ನು ಕರೆದುಕೊಂಡು ಹೋಗಿದ್ದಳು. ಮನೆಯಾಕೆ ಏನೋ ಕೇಳಿದಳು. ಬೋಝೆನಾ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಳ್ಳುತ್ತಿರುವಾಗಲೇ ಲುತ್ಸಿನಾ, "ಅವಳಿಗೆ ಭಾಷೆ ಬರಲ್ಲ, ನಾನೇ ಬರ್ತೀನಿ ಬಿಡಿ," ಎಂದು ನಕ್ಕಳು. ಮನೆಯಾಕೆಯೂ ನಕ್ಕಳು. ಬೋಝೆನಾ ಕೂಡ ನಗಬೇಕಾಯಿತು, ಅದೇ ಅವಳಿಗೆ ಹೆಚ್ಚು ಚುಚ್ಚಿದ್ದು. ಅವಳು ತನ್ನ ಅರ್ಜಿ ತುಂಬಿ ಮಾರ್ಚಿ ಇಪ್ಪತ್ತೊಂದರಂದು ಕೊಟ್ಟು ಬಂದಳು. ಎರಡನೆಯದನ್ನು, ಮಾತು ಬಿಟ್ಟಿದ್ದೇವಲ್ಲ, ಮಾತಾಡಿದ ಮೇಲೆ ಕೊಡೋಣ ಎಂದು ಪೆಟ್ಟಿಗೆಯ ತಳದಲ್ಲಿಟ್ಟಳು. ಮೂರು ವಾರಕ್ಕೆ ರಾಜಿಯಾಯಿತು. ಕೊಡಬಹುದಿತ್ತು. ಆದರೆ ಕೊಟ್ಟರೆ ಇಷ್ಟು ದಿನ ಯಾಕೆ ಇಟ್ಟುಕೊಂಡೆ ಎಂದು ಹೇಳಬೇಕು. ತಿಂಗಳಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ವರ್ಷವಾದ ಮೇಲೆ ಅದು ಹೇಳುವ ಮಾತೇ ಆಗಿ ಉಳಿಯಲಿಲ್ಲ. ಕೋಣೆಗಳು ಬದಲಾದವು, ಇಬ್ಬರೂ ಬೇರೆ ಬೇರೆಯಾಗಿ ಬಾಡಿಗೆಗೆ ಹೋದರು, ಅರ್ಜಿ ಅವಳ ಜೊತೆ ಮನೆಯಿಂದ ಮನೆಗೆ ಸಾಗಿತು. ಎಸೆದಿದ್ದರೆ ತಪ್ಪು ಮಾಡಿದೆ ಎಂದು ಒಪ್ಪಿಕೊಂಡ ಹಾಗೆ. ಇಟ್ಟುಕೊಂಡಿದ್ದರೆ ಇನ್ನೂ ಕೊಡಬಹುದು ಎಂಬ ಹಾಗೆ.

ಏಳು ವರ್ಷದ ನಂತರ ಒಂದು ದಿನ ಆಲಿಕಲ್ಲು ಬೀಳುತ್ತಿದ್ದಾಗ ಲುತ್ಸಿನಾ ಓಡಿಬಂದು ಬಾಗಿಲು ಬಡಿದಳು. ಟೋಪಿ ಕೂಡ ತೆಗೆಯಲಿಲ್ಲ. "ಬೋಝೆಂಕಾ, ಕೂತ್ಕೊ ಮೊದ್ಲು. ನಾವಿಬ್ರೂ ಎಂಥ ಕತ್ತೆಗಳು ಗೊತ್ತಾ? ಇಷ್ಟು ವರ್ಷ ಈ ದೇಶದ ಕಕ್ಕಸು ತಿಕ್ಕಿದ್ವಿ, ಒಬ್ರಾದ್ರೂ ಇದನ್ನ ನಮಗೆ ಹೇಳಲಿಲ್ಲ ನೋಡು." ಕೋಟಿನ ಒಳಗಿನಿಂದ, ಒದ್ದೆಯಾಗದ ಹಾಗೆ ಮಡಿಸಿಟ್ಟ ಎರಡು ಅರ್ಜಿ ತೆಗೆದಳು. ಅವಳಿಗೆ ತಿಳಿದದ್ದು ಆ ಮಧ್ಯಾಹ್ನವೇ, ಜೊತೆಯ ಕೆಲಸದವಳೊಬ್ಬಳಿಂದ. ಬೋಝೆನಾಳ ಹೆಸರು, ಹುಟ್ಟಿದ ತಾರೀಕು ಎಲ್ಲ ತನ್ನ ದುಂಡನೆಯ ಕೈಬರಹದಲ್ಲಿ ಆಗಲೇ ತುಂಬಿದ್ದಳು. ಸಹಿ ಒಂದು ಬಾಕಿ. "ಇವತ್ತೇ ಕೊಡ್ಬೇಕು. ಒಂದು ದಿನ ಹೋದ್ರೆ ಒಂದು ದಿನ ಹಿಂದೆ." ಬೋಝೆನಾ ಹೊಸದಾಗಿ ಕೇಳುವವಳಂತೆ ಕಣ್ಣು ಅಗಲಿಸಿ, ಹೌದಾ, ಹೌದಾ ಎಂದು ಸಹಿ ಮಾಡಿದಳು. ನನ್ನದನ್ನು ನಾನೇ ಕೊಡುತ್ತೇನೆ ಎಂದಳು. ಆ ರಾತ್ರಿಯಿಂದ ಪೆಟ್ಟಿಗೆಯಲ್ಲಿ ಅರ್ಜಿಗಳು ಎರಡಾದವು: ಒಂದು ಲುತ್ಸಿನಾಳಿಗೆ ತಲುಪದ್ದು, ಇನ್ನೊಂದು ಲುತ್ಸಿನಾಳಿಂದ ತಲುಪಿದ್ದು.

ಆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಲುತ್ಸಿನಾಳ ಫೋನು ಬಂತು. ಬೋಝೆನಾ ಬಕೆಟಿನ ಕೊಳೆನೀರು ಚೆಲ್ಲುತ್ತಿದ್ದಳು. "ಕೆಲಸ ಮುಗಿಸಿ ಬಾ. ಕೇಕ್ ಇದೆ." ಅಷ್ಟೇ ಮಾತು. ಸೋಮವಾರ ಸಂಜೆಯ ಫೋನು ಹಾಗಿರಲಿಲ್ಲ. ಅಂದು ಅವಳು ಮಾತಾಡುವ ಮೊದಲೇ ನಗುತ್ತಿದ್ದಳು. "ಆಯ್ತು ಕಣೇ. ಗೆದ್ದೆ. ಮನೆ." ಎಲ್ಲಿ ಎಂದು ಬೋಝೆನಾ ಕೇಳಿದ್ದಳು. "ಹೇಳಲ್ಲ. ಸಹಿ ಆಗೋವರೆಗೂ ಸತ್ರೂ ಹೇಳಲ್ಲ, ದೃಷ್ಟಿ ತಾಗುತ್ತೆ. ಗುರುವಾರದ ತನಕ ಉಸಿರು ಹಿಡಕೊಂಡಿರ್ಬೇಕು, ಯಾವನಾದ್ರೂ ಹಳಬ ಎದ್ದು ಬಂದಾನು. ದೃಷ್ಟಿ ಕಳೆಯೋಕೆ ಬಣ್ಣ ಹಚ್ಚದ ಮರ ತಟ್ಟೋಣ ಅಂತ ಹುಡುಕಿದೆ, ಈ ದರಿದ್ರ ದೇಶದಲ್ಲಿ ಬಾಗಿಲು ಕಿಟಕಿ ಎಲ್ಲಕ್ಕೂ ಬಿಳೀ ಬಳಿದಿದಾರೆ. ಕೊನೆಗೆ ಮೇಜಿನ ಕೆಳಗೆ ತೂರಿ ತಟ್ಟಿದೆ ನೋಡು, ಈ ವಯಸ್ಸಲ್ಲಿ." ಆಮೇಲೆ ದನಿ ಇಳಿಸಿ, "ಓಲಾಗೆ ಹೇಳಿದೆ. ನಕ್ಕಳು ಕಣೇ. ನನ್ನ ಹತ್ರ ನಕ್ಕು ಎಷ್ಟು ವರ್ಷ ಆಗಿತ್ತು," ಎಂದಳು. ಬೋಝೆನಾ, ದೇವರು ಕೈ ಹಿಡಿಯಲಿ ಎಂದಿದ್ದಳು. ತಾನೂ ಒಂದು ಮನೆ ನೋಡಿ ಬಂದಿದ್ದೇನೆ ಎಂದು ಹೇಳಲಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ. ಅವರ ಊರಿನವರೆಲ್ಲ ಹಾಗೆಯೇ. ಬಸಿರು, ಪರೀಕ್ಷೆ, ಮನೆ, ಆಗುವ ತನಕ ಯಾರೂ ಯಾರಿಗೂ ಹೇಳುವುದಿಲ್ಲ.

ಓಲಾ ಲುತ್ಸಿನಾಳ ಮಗಳು. ಮೂರು ವರ್ಷದವಳನ್ನು ಅಕ್ಕನ ಹತ್ತಿರ ಬಿಟ್ಟು ಲುತ್ಸಿನಾ ಬಸ್ಸು ಹತ್ತಿದ್ದು; ಒಂದು ವರ್ಷ ಎಂದು ಹೇಳಿ. ಹತ್ತು ವರ್ಷವಾದಾಗ ಹುಡುಗಿ ಬೇಸಿಗೆ ರಜೆಗೆ ಬಂದಿದ್ದಳು. ಲುತ್ಸಿನಾ ಬಾಡಿಗೆಗಿದ್ದ ನೆಲಮಾಳಿಗೆಯಲ್ಲಿ ಎರಡು ಹೆಜ್ಜೆ ಓಡಿದರೆ ಮೇಲಿನ ಮನೆಯ ಯಜಮಾನ ನೆಲಕ್ಕೆ ಕೋಲು ಕುಟ್ಟುತ್ತಿದ್ದ. ಮಗು ಹದಿನಾಲ್ಕು ದಿನ ತುದಿಗಾಲಿನಲ್ಲಿ ನಡೆದು ವಾಪಸು ಹೋಯಿತು, ಮತ್ತೆ ಬರಲಿಲ್ಲ. ಈಗ ಇಪ್ಪತ್ತನಾಲ್ಕು, ಬಸುರಿ, ಗಂಡಸು ಬಿಟ್ಟುಹೋಗಿದ್ದಾನೆ. ತಾಯಿ ಕರೆದಾಗಲೆಲ್ಲ ಅವಳದು ಒಂದೇ ಮಾತು: "ನಿನ್ನದೇ ಬಾಗಿಲು ಅಂತ ಒಂದಾದ ದಿನ ಬರ್ತೀನಮ್ಮಾ. ಬೇರೆಯವರ ಮನೆ ಕೆಳಗೆ ತುದಿಗಾಲಲ್ಲಿ ನಡೆಯೋಕೆ ನನ್ನ ಮಗೂಗೆ ಕಲಿಸಲ್ಲ." ಈಗ ಆ ನೆಲಮಾಳಿಗೆಯೂ ಉಳಿಯುವಂತಿರಲಿಲ್ಲ; ಯಜಮಾನ ಮನೆ ಮಾರುತ್ತಿದ್ದ, ಹೊಸ ವರ್ಷಕ್ಕೆ ಖಾಲಿ ಮಾಡಬೇಕಿತ್ತು.

ಸುರಂಗ ರೈಲಿನ ನಿಲ್ದಾಣದ ಬೆಂಚಿನಲ್ಲಿ ಕುಳಿತು ಬೋಝೆನಾ ಎರಡು ರೈಲು ಬಿಟ್ಟಳು. ಭಾನುವಾರ ತ್ವೇತಾಕ್ಕೆ ಮನೆ ನೋಡಲು ಅವಳು ಕೊನೆಯ ಹತ್ತು ನಿಮಿಷ ಉಳಿದಿರುವಾಗ ಹೋಗಿದ್ದಳು, ಜನ ಕಡಿಮೆಯಿರಲಿ ಎಂದು. ಶೂಗಳ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳುತ್ತಿರುವಾಗ ದಲ್ಲಾಳಿ ಹುಡುಗ ಬಹಳ ಮರ್ಯಾದೆಯಿಂದ, "ಕ್ಲೀನಿಂಗ್ ನಾಳೆ ಅಂತ ಹೇಳಿದ್ನಲ್ಲ," ಎಂದಿದ್ದ. ಇಲ್ಲ, ನೋಡಲು ಬಂದೆ ಎಂದಾಗ ಅವನ ಕಿವಿ ಕೆಂಪಾಯಿತು. ಅವನ ನಾಚಿಕೆಗೆ ಅವಳೇ ಕ್ಷಮೆ ಕೇಳಿದಳು. ಆಮೇಲೆ ಮನೆಯನ್ನು ನೋಡಿದ್ದೂ ಒರೆಸುವವಳ ಹಾಗೆಯೇ. ಬಾಗಿಲ ಚೌಕಟ್ಟಿನ ಮೇಲೆ ಬೆರಳಾಡಿಸಿದಳು, ಸಿಂಕಿನ ಕೆಳಗೆ ಬಗ್ಗಿದಳು. ಸಣ್ಣ ಕೋಣೆಯ ಕಿಟಕಿಯಿಂದ ಕಾಡು ಕಾಣುತ್ತಿತ್ತು. ಅದಕ್ಕೆ ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ಅವಳಿಗೆ ಮಕ್ಕಳಿಲ್ಲ, ಬರುವವರು ಯಾರೂ ಇಲ್ಲ. ಇದೆಲ್ಲ ಒಳಗೆ. ಆದರೆ ಒಳಗೆ ಹೋಗುವ ಮುಂಚೆ, ಕೆಳಗಡೆ, ಗಾಜಿನ ಬಾಗಿಲಿನ ಹತ್ತಿರ, ರೈಲಿನ ಕಡೆ ನಡೆದು ಹೋಗುತ್ತಿದ್ದ ಒಬ್ಬ ಹೆಂಗಸಿನ ಬೆನ್ನು ಕಂಡಿತ್ತು. ದ್ರಾಕ್ಷಿ ಬಣ್ಣದ ಉಣ್ಣೆ ಟೋಪಿ. ಎಡಕ್ಕೆ ಇಳಿದ ಭುಜ. ಲುತ್ಸಿನಾಳದೂ ಅಂಥದೇ ಟೋಪಿ, ಆದರೆ ಅಂಥದು ಅರ್ಧ ಊರಿನವರ ತಲೆಯ ಮೇಲಿರುತ್ತದೆ. ವರ್ಷಗಟ್ಟಲೆ ಬಕೆಟ್ ಹೊತ್ತ ಹೆಂಗಸರ ಭುಜವೆಲ್ಲ ಹಾಗೆಯೇ ಇಳಿದಿರುತ್ತದೆ. ಕೂಗಬಹುದಿತ್ತು. ಕೂಗಿದರೆ, ನೀನಿಲ್ಲಿ ಏನು ಮಾಡ್ತಿದ್ದೀಯ ಎಂಬ ಪ್ರಶ್ನೆ ಬರುತ್ತಿತ್ತು. ಮತ್ತೆ, ಯಾರೆಂದು ಖಾತ್ರಿಯೂ ಇರಲಿಲ್ಲ. ವಾರಕ್ಕೆ ಎಷ್ಟೋ ಮನೆಗಳಿಗೆ ಸೋಮವಾರವೇ ಹರಾಜು, ಗುರುವಾರವೇ ಗಡುವು. ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಸಂಘದ ಕಚೇರಿಗೆ ಫೋನು ಮಾಡಿದಳು. ಬಿಟ್ಟುಕೊಡಬಹುದೇ ಎಂದು ಕೇಳಿದಳು. ಆಗುವುದಿಲ್ಲ, ಹಕ್ಕು ಚಲಾಯಿಸಿದ ಮೇಲೆ ಅದು ಖರೀದಿಯೇ, ಎಂದಿತು ಆ ಕಡೆಯ ಎಳೆಯ ದನಿ. ಮೊದಲು ಗೆದ್ದವರಿಗೇ ವಾಪಸು ಹೋಗುತ್ತದೆಂದೂ ಹೇಳಲಾಗದು. "ಮನೆ ಇಷ್ಟ ಆಗ್ಲಿಲ್ವಾ?" ಎಂದು ಕೇಳಿತು. "ಆಯ್ತು," ಎಂದಳು ಬೋಝೆನಾ. "ತುಂಬ ಚೆನ್ನಾಗಿದೆ."

ನಾಲ್ಕಕ್ಕೇ ಕತ್ತಲಾಗಿತ್ತು. ಲುತ್ಸಿನಾಳ ನೆಲಮಾಳಿಗೆಯ ಕಿಟಕಿ ಸೂರಿಗೆ ತಾಗಿಕೊಂಡಿದೆ, ಅದರಲ್ಲಿ ಕಾಣುವುದು ಹೋಗಿಬರುವವರ ಪಾದಗಳು ಮಾತ್ರ. ಮೇಜಿನ ನಡುವೆ ಸೇಬಿನ ಕೇಕು, ಇಡಿಯಾಗಿ. ಸೋಮವಾರವೇ ಮಾಡಿದ್ದು; ಸಹಿಯಾದ ಮೇಲೆ ಕತ್ತರಿಸೋಣ ಎಂದು ಮುಚ್ಚಿಟ್ಟದ್ದು. ಅಂಚು ಒಣಗಿತ್ತು. ಲುತ್ಸಿನಾ ಅತ್ತಿರಲಿಲ್ಲ, ಮುಖ ತೊಳೆದು, ತಲೆ ಬಾಚಿಕೊಂಡು, ಅತಿಥಿಗೆಂದು ಕುಳಿತ ಹಾಗೆ ಕುಳಿತಿದ್ದಳು.

"ಹೋಯ್ತು ಕಣೇ," ಎಂದಳು.

"ಯಾಕೆ?" ಎಂದು ಬೋಝೆನಾ ಕೇಳಿದಳು. ಆ ಪ್ರಶ್ನೆ ತನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಹೆದರಿಕೆಯಾಯಿತು.

"ಯಾರೋ ಹಳೇ ಸದಸ್ಯರು. ಮೊದ್ಲು ಅಂದ್ಕೊಂಡೆ, ಇಲ್ಲಿಯವನು ಯಾವನೋ ಇರ್ಬೇಕು, ತೊಟ್ಟಿಲಲ್ಲಿರುವಾಗ್ಲೇ ಅಜ್ಜಿ ಹೆಸರು ಬರೆಸಿರ್ತಾಳೆ. ಹಾಗಿದ್ರೆ ಒಂದಿಷ್ಟು ಬೈದು ಮಲಗಬಹುದಿತ್ತು." ಫೋನನ್ನು ತಿರುಗಿಸಿ ತೋರಿಸಿದಳು. ಸಂಘದ ಪುಟ. ತ್ವೇತಾ, ಎಂಟನೆಯ ಮಹಡಿ. ಪಕ್ಕದಲ್ಲಿ ಹೆಸರಿಲ್ಲ, ಸದಸ್ಯತ್ವದ ದಿನಾಂಕ ಮಾತ್ರ. "ನೋಡು, ಎರಡು ಸಾವಿರದ ಆರು, ಮಾರ್ಚಿ. ಇದು ಅಜ್ಜಿ ಬರೆಸಿದ್ದಲ್ಲ. ನಮ್ಮ ಥರಾನೇ ಆಗ ತಾನೇ ಬಂದವರು ಯಾರೋ. ಅವರಿಗೆ ಯಾರೋ ಪುಣ್ಯಾತ್ಮರು ಹೇಳಿದಾರೆ. ನಮಗೆ ಹೇಳೋರು ಯಾರೂ ಇರಲಿಲ್ಲ, ಅಷ್ಟೇ."

ಬೋಝೆನಾ ಆ ದಿನಾಂಕವನ್ನು ನೋಡಿದಳು. ತನ್ನ ಹೆಸರಿಲ್ಲದೆ ಅದು ಇನ್ನೂ ಹೆಚ್ಚು ತನ್ನದಾಗಿ ಕಂಡಿತು. ಅಷ್ಟರಲ್ಲಿ ಅದೇ ಫೋನು ಹಾಡತೊಡಗಿತು, ಓಲಾ. ಲುತ್ಸಿನಾ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಪರದೆಯಲ್ಲಿ ದುಂಡನೆಯ ಬಿಳಿಚಿದ ಮುಖ. "ಅಮ್ಮಾ, ತೊಟ್ಟಿಲು ಅಲ್ಲೇ ತಗೊಳ್ಳೋಣ್ವಾ, ಇಲ್ಲಿಂದ ಬಸ್ಸಲ್ಲಿ ತರ್ಲಾ? ದೊಡ್ಡಮ್ಮ ಹಳೇದು ಒಂದು ಕೊಡ್ತೀನಿ ಅಂತಿದಾಳೆ, ನಾನು ಮಲಗ್ತಿದ್ದಿದ್ದು." ಲುತ್ಸಿನಾ ಹೇಳಿದಳು. ಎರಡೇ ವಾಕ್ಯದಲ್ಲಿ, ಸಾಮಾನಿನ ಅಂಗಡಿಯಲ್ಲಿ ಈರುಳ್ಳಿ ಮುಗಿದಿದೆ ಎನ್ನುವ ಹಾಗೆ. ಆಮೇಲೆ, "ಪರ್ವಾಗಿಲ್ಲ ಬಿಡಮ್ಮಾ. ನನಗೆ ಅಭ್ಯಾಸ ಇದೆ," ಎಂದಳು ಮಗಳು. ಕೊಂಕಿರಲಿಲ್ಲ ಆ ದನಿಯಲ್ಲಿ, ತಾಯಿಯನ್ನು ಸಮಾಧಾನ ಮಾಡುವುದಕ್ಕೆಂದೇ ಅಂದದ್ದು. "ಅದು ಬೋಝೆನಾ ಚಿಕ್ಕಮ್ಮನ ತೋಳಲ್ವಾ? ಚಿಕ್ಕಮ್ಮಾ, ಇವತ್ತು ಅಮ್ಮನ್ನ ಒಬ್ಬಳೇ ಬಿಡಬೇಡಿ, ಆಯ್ತಾ." ಆಯಿತು ಎಂದಳು ಬೋಝೆನಾ.

ಪರದೆ ಕಪ್ಪಾದ ಮೇಲೆ ಇಬ್ಬರೂ ಕೇಕನ್ನು ನೋಡುತ್ತ ಕುಳಿತರು. ಈಗ ಹೇಳದಿದ್ದರೆ ಇದೂ ಪೆಟ್ಟಿಗೆಯ ತಳ ಸೇರುತ್ತದೆ ಎನಿಸಿತು ಬೋಝೆನಾಳಿಗೆ. ಆದರೆ ಮನೆಯನ್ನು ಪೆಟ್ಟಿಗೆಯಲ್ಲಿ ಬಚ್ಚಿಡಲು ಬರುವುದಿಲ್ಲ, ಅದಕ್ಕೆ ವಿಳಾಸವಿರುತ್ತದೆ.

"ಲುತ್ಸಿಂಕಾ, ನಾನೂ ಒಂದು ಮನೆ ತಗೊಂಡೆ."

ಲುತ್ಸಿನಾಳ ಮುಖ ಅರಳಿತು. ಅದನ್ನು ಬೋಝೆನಾ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ: ಬೇರೆಲ್ಲ ಮರೆಯಬಹುದು, ಆ ಮುಖ ಅರಳಿದ್ದನ್ನು ಮರೆಯಲಾಗುವುದಿಲ್ಲ ಎಂದು. "ನಿಜವಾಗ್ಲೂ? ಹುಚ್ಚಿ, ಬಂದ ತಕ್ಷಣ ಹೇಳೋದಲ್ವಾ. ನಾನಿಲ್ಲಿ ಹೆಣ ಕಾಯೋರ ಥರ ಮುಖ ಮಾಡ್ಕೊಂಡು ಕೂತಿದೀನಿ. ಇಬ್ಬರಲ್ಲಿ ಒಬ್ಬರಿಗಾದ್ರೂ ಆಯ್ತಲ್ಲ. ಎಲ್ಲಿ?"

"ತ್ವೇತಾ."

ಕಿಟಕಿಯಲ್ಲಿ ಎರಡು ಜೊತೆ ಪಾದಗಳು ಹಾದು ಹೋದವು. ಲುತ್ಸಿನಾ ಚಾಕು ತೆಗೆದುಕೊಂಡು ಕೇಕನ್ನು ಕತ್ತರಿಸತೊಡಗಿದಳು, ಸಮನಾಗಿ, ಮದುವೆ ಮನೆಗೆ ಹಂಚುವವಳ ಹಾಗೆ, ತುಂಡಿನ ಪಕ್ಕ ತುಂಡು, ಪೂರ್ತಿ ಮುಗಿಯುವ ತನಕ. ಒಂದನ್ನು ತಟ್ಟೆಯಲ್ಲಿಟ್ಟು ಬೋಝೆನಾಳ ಮುಂದೆ ಸರಿಸಿದಳು.

"ಸಣ್ಣ ಕೋಣೇಲಿ ನಿಂತ್ರೆ ಕಾಡು ಕಾಣುತ್ತೆ," ಎಂದಳು.

"ಹೌದು."

"ತಿನ್ನು."

"ನೀನು ಅಂತ ನನಗೆ ಗೊತ್ತಿರಲಿಲ್ಲ. ಯೇಸುವಿನಾಣೆ."

"ನಾನು ಕೇಳಿದ್ನಾ?" ಎಂದಳು ಲುತ್ಸಿನಾ. ಕೋಪವಿರಲಿಲ್ಲ, ಏನನ್ನೋ ಲೆಕ್ಕ ಹಾಕುತ್ತಿದ್ದವಳ ಹಾಗೆ ಫೋನಿನ ಕಪ್ಪು ಪರದೆಯನ್ನು ನೋಡುತ್ತಿದ್ದಳು. "ಎರಡು ಸಾವಿರದ ಆರು, ಮಾರ್ಚಿ. ಆಗ ನಾವು ಒಂದೇ ಹಾಸಿಗೇಲಿ ಮಲಗ್ತಿದ್ವಿ, ಅಲ್ವಾ? ನಿನ್ನ ಕಾಲು ಐಸ್ ಥರ ಇರ್ತಿತ್ತು. ನಾನು ಎರಡೆರಡು ಕಾಲುಚೀಲ ಹಾಕ್ಕೊಂಡು ಮಲಗ್ತಿದ್ದೆ." ಚಾಕು ಕೆಳಗಿಟ್ಟು, "ಆಮೇಲೆ ನಾನು ಅರ್ಜಿ ತಂದಾಗ, ನೀನು ಸಹಿ ಹಾಕಿದ್ಯಲ್ಲ?"

"ಹೌದು."

"ಆಗ ನೀನು ಏಳು ವರ್ಷದ ಸದಸ್ಯೆ."

ಬೋಝೆನಾಳ ಬಾಯಲ್ಲಿ ಕೇಕು ಮರಳಿನ ಹಾಗಿತ್ತು. ನುಂಗಿದಳು.

"ತೂರ್‌ಹಿಲ್ಡ್ ಹೇಳಿದ್ದಾ ನಿನಗೆ?" ಎಂದು ಕೇಳಿದಳು ಲುತ್ಸಿನಾ. "ಗುರುವಾರದ ಮುದುಕಿ?"

"ಹೌದು."

"ನಿನಗೆ ಮಾತ್ರ ಹೇಳಿದ್ಲಾ? ನನ್ನ ಬಗ್ಗೆ ಏನೂ ಅನ್ನಲಿಲ್ವಾ?"

ಇದು ಬರುತ್ತದೆಂದು ಬೋಝೆನಾಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಉತ್ತರವನ್ನು ಎಷ್ಟೋ ಸಲ ಮೆಟ್ಟಿಲು ಒರೆಸುತ್ತ ಮನಸ್ಸಿನಲ್ಲೇ ಹೇಳಿ ನೋಡಿದ್ದಳು: ಕೊಟ್ಟಿದ್ದಳು ಕಣೇ, ನಿನಗೂ ಒಂದು ಕೊಟ್ಟಿದ್ದಳು, ನನಗೆ ನಿನ್ನ ಮೇಲೆ ಸಿಟ್ಟಿತ್ತು, ಒಂದು ಮಂಗಳವಾರದ ಕೆಲಸಕ್ಕೆ. ಆದರೆ ಒಂದು ಮಂಗಳವಾರವನ್ನು ಈ ಮೇಜಿನ ಮೇಲೆ, ತೊಟ್ಟಿಲಿನ ಮಾತಿನ ಪಕ್ಕದಲ್ಲಿ, ಹೇಗೆ ಇಡುವುದು? ಅದು ಎಷ್ಟು ಸಣ್ಣದು. ದೊಡ್ಡ ದ್ವೇಷವಾಗಿದ್ದರೆ ಹೇಳಬಹುದಿತ್ತು. ತೂರ್‌ಹಿಲ್ಡ್ ಸತ್ತು ಎಂಟು ವರ್ಷವಾಗಿತ್ತು.

"ಇಲ್ಲ," ಎಂದಳು ಬೋಝೆನಾ. "ನನಗೆ ಮಾತ್ರ." ಅದು ಸಾಲದು ಎನಿಸಿ, "ಯಾರಿಗೂ ಹೇಳಬೇಡ ಅಂದಿದ್ಲು," ಎಂದೂ ಸೇರಿಸಿದಳು.

ಲುತ್ಸಿನಾ ಅವಳನ್ನು ನೋಡಿದಳು. ಎಷ್ಟು ಹೊತ್ತು ಎಂದು ಬೋಝೆನಾಳಿಗೆ ನೆನಪಿಲ್ಲ. ಆಮೇಲೆ ತಲೆಯಾಡಿಸಿದಳು. "ಸರಿ. ಹಾಗಾದ್ರೆ ನಿನ್ನ ತಪ್ಪಲ್ಲ." ಕೈ ಚಾಚಿ ಬೋಝೆನಾಳ ತುಟಿಯ ಪಕ್ಕದಲ್ಲಿ ಅಂಟಿದ್ದ ಕೇಕಿನ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದಳು, ಮಗುವಿಗೆ ಒರೆಸುವ ಹಾಗೆ. "ತಪ್ಪು ಮುದುಕೀದು."

ಬೋಝೆನಾ ಆಗ ಅತ್ತಳು. ಅಳುತ್ತಲೇ, ಎರಡು ಕೋಣೆ ಇದೆ, ನೀನು ಬಾ, ಓಲಾ ಬರಲಿ, ಸಣ್ಣ ಕೋಣೆ ನನಗೇನು ಮಾಡಲಿಕ್ಕಿದೆ ಎಂದಳು. ಲುತ್ಸಿನಾ ನಕ್ಕಳು, ಸೋಮವಾರದ ನಗುವಲ್ಲ, ಆದರೂ ನಗುವೇ. "ಓಲಾಗೆ ಏನಂತ ಹೇಳ್ಲಿ? ಬೇರೆಯವರ ನೆಲಮಾಳಿಗೆ ಬಿಟ್ಟು ಬೇರೆಯವರ ಎಂಟನೇ ಮಹಡಿಗೆ ಬಾ ಅಂತಾನಾ? ಬೇಡ ಕಣೇ. ಅಲ್ಲಿದ್ರೆ ದಿನಾ ಬೆಳಿಗ್ಗೆ ನಾನು ನಿನ್ನ ಮುಖ ನೋಡ್ಬೇಕು." ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಬೋಝೆನಾಳ ಚೀಲಕ್ಕೆ ಹಾಕುತ್ತ, "ನೀನೂ ನನ್ನ ಮುಖ ನೋಡ್ಬೇಕಾಗುತ್ತೆ," ಎಂದಳು.

ಡಿಸೆಂಬರಿನ ಕೊನೆಗೆ ಬೀಗದ ಕೈ ಸಿಕ್ಕಿತು. ಲುತ್ಸಿನಾ ಕರೆಯದೆಯೇ ತನ್ನ ಬಕೆಟ್, ತನ್ನ ಬಟ್ಟೆಗಳನ್ನು ಹಿಡಿದು ಬಂದಳು; ಇಷ್ಟು ವರ್ಷ ಊರಿನವರ ಮನೆಯನ್ನೆಲ್ಲ ಒಟ್ಟಿಗೆ ತೊಳೆದವರು, ಇದೊಂದನ್ನು ನೀನೊಬ್ಬಳೇ ತೊಳೆಯುತ್ತೀಯಾ ಎಂದಳು. ಅಡುಗೆಮನೆ ಬೋಝೆನಾ, ಸಣ್ಣ ಕೋಣೆ ಲುತ್ಸಿನಾ. ಆ ಕೋಣೆಯ ಕಿಟಕಿಯನ್ನು ಅವಳು ಎರಡು ಸಲ ತೊಳೆದಳು. ಹೊಸ ವರ್ಷದ ಮೂರನೆಯ ದಿನ ಹಾಮಾರ್‌ನ ಹೋಟೆಲೊಂದಕ್ಕೆ ಕೆಲಸಕ್ಕೆ ಹೊರಟುಹೋದಳು. ಅಲ್ಲಿ ಕೆಲಸದವರಿಗೆ ಉಳಿಯಲು ಕೋಣೆ ಕೊಡುತ್ತಾರೆ, ಒಬ್ಬರಿಗೆ ಮಾತ್ರ. ಮಾರ್ಚಿಯಲ್ಲಿ ಓಲಾಗೆ ಹೆಣ್ಣುಮಗು ಹುಟ್ಟಿತು, ರ್ಜೆಶುವ್‌ನಲ್ಲೇ. ಲುತ್ಸಿನಾ ಫೋಟೋ ಕಳಿಸಿದಳು. ಕೆಳಗೆ ಏನೂ ಬರೆದಿರಲಿಲ್ಲ.

ಬೋಝೆನಾಳಿಗೆ ಒಂದು ವಿಷಯ ನೆನಪಾದದ್ದು ಆ ಶುಕ್ರವಾರ ನೆಲಮಾಳಿಗೆಯಿಂದ ವಾಪಸು ಬರುವಾಗ, ರೈಲಿನಲ್ಲಿ, ಕೇಕಿನ ಪೊಟ್ಟಣ ತೊಡೆಯ ಮೇಲಿದ್ದಾಗ. ತೂರ್‌ಹಿಲ್ಡ್ ತನ್ನ ಕೊನೆಯ ಎರಡು ವರ್ಷ ವೃದ್ಧರ ಆಶ್ರಮದಲ್ಲಿದ್ದಳು. ಬೋಝೆನಾ ಒಮ್ಮೆಯೂ ನೋಡಲು ಹೋಗಿರಲಿಲ್ಲ. ಹೋದರೆ ಆಕೆ ಗೆಳತಿಯ ಅರ್ಜಿಯ ಬಗ್ಗೆ ಕೇಳಿಯಾಳು ಎಂಬ ಹೆದರಿಕೆ. ಹೋಗುತ್ತಿದ್ದವಳು ಲುತ್ಸಿನಾ. ಭಾನುವಾರಗಳಲ್ಲಿ ಪೂಜೆ ಮುಗಿಸಿಕೊಂಡು ಹೋಗಿ, ಮುದುಕಿಯ ಉಗುರು ಕತ್ತರಿಸಿ, ಒಂದು ಗಂಟೆ ಹರಟಿ ಬರುತ್ತಿದ್ದಳು. ಆ ಒಂದು ಗಂಟೆ ಇಬ್ಬರೂ ಏನು ಮಾತಾಡುತ್ತಿದ್ದರು? ಅರ್ಜಿಯ ಮಾತು ಒಮ್ಮೆಯಾದರೂ ಬಂದಿತ್ತೇ? ಬಂದಿದ್ದರೆ, ಲುತ್ಸಿನಾ ಎಲ್ಲ ತಿಳಿದೂ ಇಷ್ಟು ವರ್ಷ ಆ ಪ್ರಶ್ನೆಯನ್ನು ತನ್ನಲ್ಲೇ ಇಟ್ಟುಕೊಂಡಿದ್ದು, ಆ ದಿನ ಕೇಳಿದ್ದು ಬೋಝೆನಾಳ ಬಾಯಿಂದ ನಿಜ ಬರಲಿ ಎಂದೇ? ಬರದೆ ಹೋದಾಗ ಹೆಬ್ಬೆರಳಿನಿಂದ ತುಟಿ ಒರೆಸಿದ್ದು ಏನು? ಗುರುವಾರ ಗುಂಡಿ ಒತ್ತುವಾಗ ಬೋಝೆನಾಳಿಗೆ ಎಷ್ಟು ಗೊತ್ತಿತ್ತು ಎಂಬುದನ್ನೇ ನಾನು ಖಚಿತವಾಗಿ ಹೇಳಲಾರೆ, ಅವಳೂ ಹೇಳಲಾರಳು. ಇನ್ನು "ನಿನ್ನ ತಪ್ಪಲ್ಲ" ಎಂದಾಗ ಲುತ್ಸಿನಾಳಿಗೆ ಏನು ಗೊತ್ತಿತ್ತೋ ನನಗೆ ತಿಳಿಯದು. ಹಾಮಾರ್ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಬೋಝೆನಾ ಇನ್ನೂ ಹೋಗಿ ಕೇಳಿಲ್ಲ.